ತೋಟೆ ಸತ್ತ ಮೇಲೆ ಕೋವಿ

ಚುನಾವಣೆಯ ದಿನಾಂಕ ಪ್ರಕಟವಾದ ವಾರದೊಳಗೆ ಕಾರ್ಕಳ, ಅಜೆಕಾರು, ಹೆಬ್ರಿಯ ಪೊಲೀಸ್ ಠಾಣೆಗಳಿಗೆ ವಿಚಿತ್ರ ಅತಿಥಿಗಳು ಬರತೊಡಗುತ್ತವೆ. ಒಂದು ಹಳೆಯ ಬೈರಾಸಿನಲ್ಲಿ ಸುತ್ತಿಕೊಂಡು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ ಬಂದರೆ, ಇನ್ನೊಂದು ಗೋಣಿಚೀಲ ಹೊದ್ದು ಸ್ಕೂಟರಿನಲ್ಲಿ ಬರುತ್ತದೆ. ಅಡಿಕೆ ತೋಟದ ಮಾಲೀಕ ಪರವಾನಗಿ ಪುಸ್ತಕ ಮುಂದಿಡುತ್ತಾನೆ. ಪೊಲೀಸರು ನಂಬರ್ ನೋಡಿ, ಚೀಟಿ ಕಟ್ಟಿ, ರಶೀದಿ ಕೊಡುತ್ತಾರೆ. ಮತ ಎಣಿಕೆ ಮುಗಿಯುವವರೆಗೆ ಕೋವಿಗೆ ಠಾಣೆವಾಸ, ತೋಟದ ಮಂಗಗಳಿಗೆ ಸುಗ್ಗಿ.

ಆ ಕೋಣೆಯಲ್ಲಿ ಗೋಡೆಗೊರಗಿ ನಿಂತ ಸಾಲಿನತ್ತ ಕಣ್ಣು ಹಾಯಿಸಿದರೆ ಬಂದೂಕಿನ ಇನ್ನೂರು ವರ್ಷಗಳ ಚರಿತ್ರೆ ಒಂದೇ ನೋಟಕ್ಕೆ ಸಿಗುತ್ತದೆ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಮಡಚಿ ತೆರೆದು ತೋಟೆ ಹಾಕುವ ಒಂಟಿ ನಳಿಗೆಯದು, ಮನೆತನದ ಗತ್ತಿಗೆ ತಕ್ಕ ಜೋಡುನಳಿಗೆ. ಇವು ಮೂರೂ ಇವತ್ತಿಗೂ ಕೆಲಸದಲ್ಲಿವೆ. ನೂರೈವತ್ತು ವರ್ಷಗಳ ಹಿಂದೆಯೇ ಹಳತಾಯಿತೆಂದು ಯುರೋಪು, ಅಮೆರಿಕ ಕೈಬಿಟ್ಟ ಕೇಪು ಪಶ್ಚಿಮ ಘಟ್ಟದ ಬುಡದಲ್ಲಿ ಇನ್ನೂ ಸಿಡಿಯುತ್ತದೆ. ಅದೇ ಕಾಲದಲ್ಲಿ ಅದನ್ನು ಮೂಲೆಗೆ ತಳ್ಳಲೆಂದು ಹುಟ್ಟಿದ, ಆಗಿನ ಮಟ್ಟಿಗೆ ಬಹು ಆಧುನಿಕವಾಗಿದ್ದ ರಿಮ್‌ಫೈರ್ ರಿವಾಲ್ವರುಗಳು ಮಾತ್ರ ಗಾಜಿನ ಪೆಟ್ಟಿಗೆ ಸೇರಿ ಮೂಕವಾಗಿವೆ.

ಕಾರಣ ಸರಳ. ಕೇಪಿನ ಕೋವಿಗೆ ಬೇಕಾದ್ದು ಮದ್ದು, ಚರೆ, ಒಂದು ಕೇಪು. ರಿವಾಲ್ವರಿಗೆ ಬೇಕಾದ್ದು ಯಾವುದೋ ಒಂದು ಕಾರ್ಖಾನೆ ಒಂದೇ ಅಳತೆಯಲ್ಲಿ ಮಾಡಿಕೊಡುವ ತೋಟೆ. ಕಾರ್ಖಾನೆ ನಿಲ್ಲಿಸಿದ ದಿನ ಕೋವಿಯ ಆಯುಷ್ಯವೂ ಮುಗಿಯಿತು.

ಆಗ ಸಂಗ್ರಾಹಕರ ಲೋಕದಲ್ಲಿ ಒಂದು ಆಸೆ ಚಿಗುರುತ್ತದೆ: ಹಳೆಯ ತೋಟೆ ಸಿಗದಿದ್ದರೇನಂತೆ, ಸಿಗುವ ಬೇರೆ ತೋಟೆಗೆ ಇದನ್ನೇ ಒಗ್ಗಿಸಿಬಿಡಬಾರದೇಕೆ? ಈ ಆಸೆಯ ಹಿಂದೆ ಒಂದು ದೊಡ್ಡ ಕಥೆ ಇದೆ. ಅದರ ಅರ್ಧ ಭಾಗ ನಡೆದದ್ದು ಭಾರತದಲ್ಲೇ.

ಮೊದಲು ರಿಮ್‌ಫೈರ್ ಎಂದರೇನು ಎಂದು ನೋಡಬೇಕು. ತೋಟೆಯ ತಳದಲ್ಲಿ ಹೊರಚಾಚಿದ ಅಂಚೊಂದಿರುತ್ತದೆ. ಆ ಅಂಚಿನ ಟೊಳ್ಳಿನೊಳಗೆ ಪೆಟ್ಟು ಬಿದ್ದರೆ ಕಿಡಿಯಾಗುವ ಮದ್ದನ್ನು ಸವರಿರುತ್ತಾರೆ. ಕೋವಿಯ ಕುದುರೆ ಬಂದು ಅಂಚನ್ನೇ ಜಜ್ಜುತ್ತದೆ, ಕಿಡಿ ಹಾರಿ ಒಳಗಿನ ಮದ್ದು ಉರಿಯುತ್ತದೆ. ಕೇಪು, ಮದ್ದು, ಗುಂಡು ಮೂರನ್ನೂ ಒಂದೇ ಡಬ್ಬಿಯಲ್ಲಿ ಅಡಕಗೊಳಿಸಿದ ಮೊದಲ ಯಶಸ್ವಿ ಉಪಾಯಗಳಲ್ಲಿ ಇದೂ ಒಂದು. ಫ್ರಾನ್ಸಿನ ಫ್ಲೊಬೆರ್ 1840ರ ದಶಕದಲ್ಲಿ ಮನೆಯೊಳಗೆ ಗುರಿ ಹೊಡೆದು ಆಡಲೆಂದು ಮಾಡಿದ ಪುಟ್ಟ ತೋಟೆಯಿಂದ ಇದು ಬೆಳೆಯಿತು. 1857ರಲ್ಲಿ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಏಳು ಗುಂಡಿನ, .22 ಅಳತೆಯ ಪುಟ್ಟ ರಿವಾಲ್ವರ್ ಒಂದನ್ನು ಮಾರುಕಟ್ಟೆಗೆ ತಂದಿತು. 1861ರಲ್ಲಿ ಅದರ ಅಣ್ಣನಂಥ .32 ರಿಮ್‌ಫೈರ್ ಬಂತು. ಅಮೆರಿಕದ ಅಂತರ್ಯುದ್ಧದ ಅಧಿಕಾರಿಗಳು ಅದನ್ನು ತಮ್ಮ ದುಡ್ಡಿನಿಂದಲೇ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಈ ಕಂಪನಿಯ ಸೌಭಾಗ್ಯ ಒಂದು ಪೇಟೆಂಟಿನಲ್ಲಿತ್ತು. ರಿವಾಲ್ವರಿನ ಉರುಳೆಯನ್ನು ಹಿಂದಿನಿಂದ ಮುಂದಕ್ಕೆ ಆರಪಾರ ಕೊರೆದು, ತೋಟೆಯನ್ನು ಹಿಂದಿನಿಂದಲೇ ತುಂಬುವ ವಿಧಾನಕ್ಕೆ ರೋಲಿನ್ ವೈಟ್ ಎಂಬಾತ 1855ರ ಏಪ್ರಿಲ್ 3ರಂದು ಹಕ್ಕು ಪಡೆದಿದ್ದ. ಒಂದೊಂದು ರಿವಾಲ್ವರಿಗೆ 25 ಸೆಂಟ್ ಕೊಡುವ ಕರಾರಿನಲ್ಲಿ ಸ್ಮಿತ್ ಆ್ಯಂಡ್ ವೆಸನ್ ಅದನ್ನು ಬಳಸುವ ಏಕಸ್ವಾಮ್ಯ ಪಡೆಯಿತು. ಕಳ್ಳನಕಲು ಮಾಡಿದವರ ಮೇಲೆ ಕೇಸು ಹಾಕುವ ಖರ್ಚನ್ನು ಮಾತ್ರ ವೈಟ್‌ನ ತಲೆಗೇ ಕಟ್ಟಿತು. ಬಂದ ದುಡ್ಡೆಲ್ಲ ಕೋರ್ಟಿಗೇ ಸುರಿದ ವೈಟ್ ಕೊನೆಗೆ ಪರಿಹಾರ ಬೇಡಿ ಅಮೆರಿಕದ ಸಂಸತ್ತಿನ ತನಕ ಹೋದ. ಅವನಿಗೆ ಅನುಕೂಲವಾಗುವ ಮಸೂದೆಯನ್ನು ಅಧ್ಯಕ್ಷ ಗ್ರಾಂಟ್ 1870ರಲ್ಲಿ ತಳ್ಳಿಹಾಕಿದ. ನಮ್ಮ ಕಡೆ ಗಡಿಕಲ್ಲಿನ ವ್ಯಾಜ್ಯದಲ್ಲಿ ಗದ್ದೆ ಗೆದ್ದು ಮನೆ ಕಳೆದುಕೊಂಡವರ ಜಾತಿಗೆ ಸೇರಿದವನು.

1869ರಲ್ಲಿ ಪೇಟೆಂಟಿನ ಅವಧಿ ಮುಗಿದದ್ದೇ ತಡ, ಪರಿವರ್ತನೆಯ ಸುಗ್ಗಿ ಶುರುವಾಯಿತು. ಕೋಲ್ಟ್ ಕಂಪನಿಯ ಬಳಿ ಕೇಪಿನ ರಿವಾಲ್ವರುಗಳೂ ಅವುಗಳ ಬಿಡಿಭಾಗಗಳೂ ರಾಶಿ ಬಿದ್ದಿದ್ದವು. ಚಾರ್ಲ್ಸ್ ರಿಚರ್ಡ್ಸ್, ವಿಲಿಯಂ ಮೇಸನ್ ಎಂಬ ಅದರ ಇಬ್ಬರು ಕಸುಬುದಾರರು 1871-72ರಲ್ಲಿ ಅವನ್ನು ತೋಟೆಗೆ ಒಗ್ಗಿಸುವ ವಿಧಾನಗಳಿಗೆ ಪೇಟೆಂಟ್ ಪಡೆದರು. ಅವರ ಕೈಯಲ್ಲಿ ಹೊಸಜನ್ಮ ಪಡೆದ .38 ಅಳತೆಯ ರಿವಾಲ್ವರುಗಳಲ್ಲಿ ಕೆಲವು ರಿಮ್‌ಫೈರ್, ಇನ್ನು ಕೆಲವು ತೋಟೆಯ ತಳದ ಮಧ್ಯಕ್ಕೆ ಪೆಟ್ಟು ಬೀಳುವ ಸೆಂಟರ್‌ಫೈರ್. ಒಂದೇ ಕೋವಿಯ ಒಡಲಲ್ಲಿ ಮೂರು ಯುಗಗಳು ಹೀಗೆ ಹಾದುಹೋದವು. ಆ ಕಾಲದಲ್ಲಿ ಕಾರ್ಖಾನೆಯೇ ಮಾಡಿದ ಪರಿವರ್ತನೆಗೆ ಇವತ್ತು ಸಂಗ್ರಾಹಕರು ಮುಗಿಬೀಳುತ್ತಾರೆ. ನಿನ್ನೆ ಯಾರೋ ಗ್ಯಾರೇಜಿನಲ್ಲಿ ಮಾಡಿದ ಪರಿವರ್ತನೆಯನ್ನು ಮೂಸಿಯೂ ನೋಡುವುದಿಲ್ಲ.

ರಿಮ್‌ಫೈರ್‌ನ ದೌರ್ಬಲ್ಯ ಅದರ ಅಂಚಿನಲ್ಲೇ ಇತ್ತು. ಕುದುರೆ ಜಜ್ಜಬೇಕಾದರೆ ಅಂಚು ಮೆದುವಾಗಿರಬೇಕು. ಮೆದುವಾಗಿದ್ದರೆ ಹೆಚ್ಚು ಒತ್ತಡಕ್ಕೆ ತಡೆಯದು. ಮಧ್ಯದಲ್ಲೊಂದು ಪುಟ್ಟ ಗುಳಿ ತೋಡಿ ಕೇಪನ್ನು ಅಲ್ಲಿ ಕೂರಿಸುವ ಸೆಂಟರ್‌ಫೈರ್‌ಗೆ ಈ ಕಷ್ಟವಿರಲಿಲ್ಲ. 1866ರಲ್ಲಿ ಇಂಗ್ಲೆಂಡಿನ ಬಾಕ್ಸರ್, ಅಮೆರಿಕದ ಬರ್ಡನ್ ಬೇರೆ ಬೇರೆಯಾಗಿ ಇದನ್ನು ಪಕ್ವಗೊಳಿಸಿದರು. ತಮಾಷೆಯೆಂದರೆ ಇಂಗ್ಲಿಷನ ವಿಧಾನ ಅಮೆರಿಕದಲ್ಲೂ ಅಮೆರಿಕನ್ನನದು ಯುರೋಪಿನಲ್ಲೂ ಬೇರೂರಿತು. ಸುಟ್ಟ ತೋಟೆಯ ಕೇಪು ತೆಗೆದು ಮತ್ತೆ ತುಂಬಲು ಸೆಂಟರ್‌ಫೈರ್‌ನಲ್ಲಿ ಬರುತ್ತದೆ. ರಿಮ್‌ಫೈರ್ ಒಮ್ಮೆ ಜಜ್ಜಿದರೆ ಮುಗಿಯಿತು. .32, .38, .41, .44 ಅಳತೆಯ ರಿಮ್‌ಫೈರ್‌ಗಳೆಲ್ಲ ಒಂದೊಂದಾಗಿ ಅಂಗಡಿಯಿಂದ ಮರೆಯಾದವು.

ಗಟ್ಟಿಯಾಗಿ ಉಳಿದದ್ದು ಎಲ್ಲಕ್ಕಿಂತ ಚಿಕ್ಕದಾದ .22. 1887ರಲ್ಲಿ ಬಂದ ಅದರ ‘ಲಾಂಗ್ ರೈಫಲ್’ ರೂಪ ಅಗ್ಗ, ಸದ್ದು ಕಡಿಮೆ, ಹಿಂದೊದೆತ ಇಲ್ಲವೇ ಇಲ್ಲವೆನ್ನುವಷ್ಟು ಅಲ್ಪ. ಉಡುಪಿ, ಕಾರ್ಕಳದ ಕಾಲೇಜು ಹುಡುಗ ಹುಡುಗಿಯರು ಎನ್‌ಸಿಸಿ ಶಿಬಿರದಲ್ಲಿ ನೆಲಕ್ಕೆ ಎದೆಯಾನಿಸಿ ಮಲಗಿ ಮೊದಲ ಬಾರಿ ಗುರಿ ಹಿಡಿಯುವ ‘ಪಾಯಿಂಟ್ ಟೂ ಟೂ’ ಇದೇ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸ್‌ನ 50 ಮೀಟರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹಾರಿಸಿದ್ದೂ ಇದೇ ವಂಶದ ತೋಟೆ.

ಇನ್ನು ಭಾರತದ ಕಥೆ. ಈ ನೆಲದಲ್ಲಿ ತೋಟೆ ಬದಲಾದರೆ ಏನಾಗಬಹುದೆಂದು ಬ್ರಿಟಿಷರಿಗೆ ಪಾಠವಾದದ್ದು 1857ರಲ್ಲಿ. ಎನ್‌ಫೀಲ್ಡ್ ಬಂದೂಕಿನ ಹೊಸ ಕಾಗದದ ತೋಟೆಗೆ ಸವರಿದ ಕೊಬ್ಬು ಯಾವ ಪ್ರಾಣಿಯದು ಎಂಬ ಶಂಕೆ ಅದಾಗಲೇ ಒಣಗಿ ನಿಂತಿದ್ದ ಕಾಡಿಗೆ ಕಿಡಿ ತಾಗಿಸಿತು. ಅದೇ ವರ್ಷ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲವೆಂದರು. ದಂಡು ಬಂದು ಊರಿಗೆ ಬೆಂಕಿಯಿಟ್ಟಿತು, 19 ಮಂದಿ ಗಲ್ಲಿಗೇರಿದರು. ಕನ್ನಡದ ಲಾವಣಿಗಳಲ್ಲಿ ಹಲಗಲಿ ಇನ್ನೂ ಜೀವಂತವಾಗಿದೆ.

ಅತ್ತ ಕೊಡಗಿನಲ್ಲಿ ತದ್ವಿರುದ್ಧ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟ. ಅದು ಇವತ್ತಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದೇ ರಾಜ್ಯದೊಳಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಮನೆಯೂ ಇದೆ, ನಾಲ್ಕು ಎಕರೆ ಅಡಿಕೆಗೆ ಕೋವಿ ಬೇಕೆಂದು ತಾಲೂಕು ಕಚೇರಿ, ಪೊಲೀಸು, ಜಿಲ್ಲಾಧಿಕಾರಿ ಎಂದು ಸುತ್ತುವ ಮನೆಯೂ ಇದೆ.

1857ರ ದಂಗೆಯ ಭಯ ಬ್ರಿಟಿಷರನ್ನು ಮತ್ತೆಂದೂ ಬಿಡಲಿಲ್ಲ. ತಮ್ಮ ಸೈನಿಕರಿಗೆ ಹೊಸ ಮಾರ್ಟಿನಿ ಹೆನ್ರಿ ಕೊಟ್ಟಾಗ ದೇಶೀ ಸಿಪಾಯಿಗೆ ಸ್ನೈಡರ್ ಸಾಕೆಂದರು. ಆ ಸ್ನೈಡರ್ ಕೂಡ ಮೂಲದಲ್ಲಿ ಬಾಯಿಯಿಂದ ತುಂಬುವ ಎನ್‌ಫೀಲ್ಡ್ ಬಂದೂಕಿನ ಹಿಂಬದಿ ಕತ್ತರಿಸಿ ತೋಟೆಗೆ ಒಗ್ಗಿಸಿದ ಪರಿವರ್ತಿತ ಕೋವಿಯೇ. ಆಮೇಲೆ ಸೈನ್ಯದ ತೋಟೆ ಬಂಡಾಯಗಾರರ ಕೈಗೆ ಸಿಕ್ಕೀತೆಂದು .450 ಅಳತೆಯ ಬೇಟೆ ರೈಫಲ್‌ಗಳನ್ನು ಭಾರತಕ್ಕೆ ತರಬಾರದೆಂದರು. ಲಂಡನ್ನಿನ ಕೋವಿ ತಯಾರಕರು ತಲೆಕೆಡಿಸಿಕೊಳ್ಳಲಿಲ್ಲ; .465, .470 ಎಂದು ಕೂದಲೆಳೆಯಷ್ಟು ಹೆಚ್ಚು ದಪ್ಪದ ಹೊಸ ತೋಟೆಗಳನ್ನೇ ಹುಟ್ಟಿಸಿ ಮಹಾರಾಜರಿಗೂ ಪ್ಲಾಂಟರುಗಳಿಗೂ ಮಾರಿದರು.

ಸ್ವಾತಂತ್ರ್ಯದ ನಂತರವೂ ನೀತಿ ಅದೇ: ಸೈನ್ಯ, ಪೊಲೀಸರ ತೋಟೆ ಜನಸಾಮಾನ್ಯರಿಗಿಲ್ಲ. .303 ನಿಷಿದ್ಧ, 9 ಎಂಎಂ ನಿಷಿದ್ಧ. ಇದರಿಂದ ನಮ್ಮ ದೇಶದಲ್ಲಿ ಒಂದು ಅಪೂರ್ವ ಕೋವಿ ಬಾಳಿತು. ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ರೈಫಲ್ ಕಾರ್ಖಾನೆ ತನ್ನ .303 ಲೀ ಎನ್‌ಫೀಲ್ಡ್‌ನ ಅದೇ ಮೈಕಟ್ಟನ್ನು .315 ಎಂಬ ಬೇರೆ ತೋಟೆಗೆ ಹೊಂದಿಸಿ ನಾಗರಿಕರಿಗೆ ಮಾರಿತು. ಆ ತೋಟೆಯ ಮೂಲ ಹುಡುಕಿಕೊಂಡು ಹೊರಟರೆ ಆಸ್ಟ್ರಿಯಾ ಹಂಗೆರಿಯ ಚಕ್ರಾಧಿಪತ್ಯಕ್ಕೆ ಹೋಗಿ ಮುಟ್ಟುತ್ತೇವೆ. 19ನೇ ಶತಮಾನದ ಕೊನೆಯಲ್ಲಿ ಅವರ ಸೈನ್ಯ ಬಳಸುತ್ತಿದ್ದ ಮನ್ಲಿಕರ್ ತೋಟೆ ಅದು. ಸಾಮ್ರಾಜ್ಯ 1918ರಲ್ಲಿ ಅಳಿಯಿತು, ತೋಟೆ ಬ್ರಿಟಿಷ್ ಕಂಪನಿಗಳ ಮೂಲಕ ಇಂಡಿಯಾಕ್ಕೆ ವಲಸೆ ಬಂದು ಇಲ್ಲಿಯದೇ ಆಗಿಹೋಯಿತು. ಜೈಲು, ಖಜಾನೆ ಕಾಯುವವರಿಗಾಗಿ ಅದೇ ಇಶಾಪುರ ಇನ್ನಷ್ಟು ಹಳೆಯ .303ಗಳನ್ನು .410 ಅಳತೆಯ ನುಣುಪು ನಳಿಗೆಯ ಕೋವಿಗಳಾಗಿಯೂ ಮಾರ್ಪಡಿಸಿತು. ಕಾವಲುಗಾರನ ಕೈಯಿಂದ ಕಸಿದುಕೊಂಡರೂ ಸೈನ್ಯದ ತೋಟೆ ಅದರಲ್ಲಿ ಹಿಡಿಯಬಾರದೆಂಬ ಲೆಕ್ಕ.

ರಿವಾಲ್ವರಿನ ವಿಷಯದಲ್ಲೂ ಹೀಗೆಯೇ. ಜಗತ್ತು .38, 9 ಎಂಎಂ ಎಂದು ಮುಂದೆ ಹೋದಾಗ ಭಾರತದ ನಾಗರಿಕ .32ರಲ್ಲೇ ನಿಂತ. 1896ರಲ್ಲಿ ಹುಟ್ಟಿದ .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್ ತೋಟೆಗೆ ಹೊರದೇಶಗಳಲ್ಲಿ ಈಗ ಹೆಚ್ಚಿನ ಗಿರಾಕಿಗಳು ಗುರಿಸ್ಪರ್ಧೆಯವರು. ಇಲ್ಲಿ ಅದು ಆತ್ಮರಕ್ಷಣೆಯ ಪ್ರಧಾನ ಆಯುಧ. 2014ರಲ್ಲಿ ಕಾನ್ಪುರದ ಕಾರ್ಖಾನೆ ಮಹಿಳೆಯರಿಗಾಗಿ ಎಂದು ಹಗುರ ಲೋಹದಲ್ಲಿ ತಂದ ‘ನಿರ್ಭೀಕ್’ ಕೂಡ .32ರದ್ದೇ.

ಇಲ್ಲೇ ಒಂದು ಅಪಾಯವೂ ಅಡಗಿದೆ. 1861ರ .32 ರಿಮ್‌ಫೈರ್, ಇವತ್ತಿನ .32: ಹೆಸರು ಒಂದೇ. ಅಜ್ಜನ ಪೆಟ್ಟಿಗೆಯಲ್ಲಿ ಅಂಥದೊಂದು ರಿವಾಲ್ವರ್ ಸಿಕ್ಕಿತೆಂದುಕೊಳ್ಳಿ. ಕುದುರೆಯ ಮೂತಿ ಅಂಚಿಗೆ ಬದಲು ಮಧ್ಯಕ್ಕೆ ಹೊಡೆಯುವಂತೆ ಮಾಡಿದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನ್ನಿಸೀತು. ಮುಗಿಯುವುದು ಬಹುಶಃ ಬೆರಳು. ಒಳಗಿನ ಅಳತೆಗಳು ಬೇರೆ, ಗುಂಡು ಕೂರುವ ರೀತಿ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ ಆ ಉರುಳೆಯ ಕಬ್ಬಿಣ ಕರಿಮದ್ದಿನ ಕಾಲದ್ದು. ನಿಧಾನವಾಗಿ ದೂಡುವ ಕರಿಮದ್ದಿಗೆ ತಡೆದದ್ದು, 1880ರ ದಶಕದಲ್ಲಿ ಬಂದ ಹೊಗೆಯಿಲ್ಲದ ಮದ್ದಿನ ಏಟಿಗೆ ತಡೆಯಬೇಕೆಂದಿಲ್ಲ. ನೂರೈವತ್ತು ವರ್ಷದ ಲೋಹದೊಳಗಿನ ಬಿರುಕು ಬರಿಗಣ್ಣಿಗೆ ಕಾಣದು. ಬಾಳಿಬದುಕಿದ ಮುದುಕನನ್ನು ಕಂಬಳದ ಗದ್ದೆಗಿಳಿಸಿದಂತೆ ಅದು.

ಕಾನೂನು ಇನ್ನೂ ಖಡಕ್ಕು. 1959ರ ಆಯುಧ ಕಾಯ್ದೆಯಡಿ ಕೋವಿ ಮಾಡುವುದಕ್ಕೆ ಮಾತ್ರವಲ್ಲ, ಮಾರ್ಪಡಿಸುವುದಕ್ಕೆ, ರಿಪೇರಿ ಮಾಡುವ ವ್ಯಾಪಾರಕ್ಕೂ ಪರವಾನಗಿ ಬೇಕು. 2019ರ ತಿದ್ದುಪಡಿ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಪರವಾನಗಿಯಿಲ್ಲದೆ ಬದಲಿಸುವುದನ್ನೇ ಹೆಸರಿಸಿ ನಿಷೇಧಿಸಿತು. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದೂ ಅದೇ ತಿದ್ದುಪಡಿ. ಮೂರು ತಲೆಮಾರಿನ ಮೂರು ಕೋವಿ ಇದ್ದ ಮನೆಗಳು ಯಾವ ಅಜ್ಜನನ್ನು ಠಾಣೆಗೊಪ್ಪಿಸುವುದೆಂದು ಆಗ ಚರ್ಚಿಸಬೇಕಾಯಿತು.

ಅದೇ ಕಾಯ್ದೆಯ 45ನೇ ಕಲಮಿನಲ್ಲಿ ಒಂದು ಕಿಟಕಿಯಿದೆ. ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬರದಂತಿದ್ದರೆ, ಕಾಯ್ದೆ ಅದಕ್ಕೆ ಅನ್ವಯಿಸದು. ‘ರಿಪೇರಿ ಮಾಡಿದರೂ’ ಎಂಬ ಮಾತಿನಲ್ಲಿ ಇಡೀ ಗುಟ್ಟಿದೆ. ಹಳೆಯ ರಿವಾಲ್ವರಿಗೆ ಹೊಸ ತೋಟೆ ಹೊಂದಿಸಿ ಜೀವ ಬರಿಸಿದವನು ಆ ಕಿಟಕಿಯನ್ನು ತಾನೇ ಮುಚ್ಚಿಕೊಂಡಂತೆ.

ಬ್ರಿಟನ್ ಈ ತರ್ಕವನ್ನು ಇನ್ನೂ ನೇರವಾಗಿ ಬರೆದಿಟ್ಟಿದೆ. ಅಲ್ಲಿ ಬಳಕೆ ತಪ್ಪಿದ ತೋಟೆಗಳ ಪಟ್ಟಿಯೇ ಇದೆ. ಕೋವಿ ಅಂಥ ತೋಟೆಯದಾಗಿದ್ದು, ಶೋಭೆಗೆಂದು ಇಟ್ಟುಕೊಂಡಿದ್ದರೆ ಪುರಾತನ ವಸ್ತು. ಅಂದರೆ ಕೋವಿಯ ವಯಸ್ಸಿನ ಜತೆ ತೋಟೆ ಸತ್ತಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪಾತಕಿಗಳು ಹಳೆಯ ರಿವಾಲ್ವರುಗಳಿಗೆ ತೋಟೆ ಹೊಂದಿಸಿ ಬಳಸತೊಡಗಿದಾಗ, 2021ರಲ್ಲಿ ಏಳು ತೋಟೆಗಳನ್ನು ಆ ಪಟ್ಟಿಯಿಂದ ಹೊರಗಟ್ಟಿದರು. ಸತ್ತವೆಂದು ಬರೆದಿದ್ದವು ಬದುಕಿವೆ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಅಮೆರಿಕದಲ್ಲಿ 1898 ಅಥವಾ ಅದಕ್ಕಿಂತ ಹಿಂದೆ ತಯಾರಾದದ್ದು ಪುರಾತನ. ಗೆರೆ ಎಳೆದು ಕೈತೊಳೆದುಕೊಂಡಿದ್ದಾರೆ.

ಹಳತನ್ನು ಎಷ್ಟು ಮುಟ್ಟಬಹುದು? ಉಡುಪಿ ಜಿಲ್ಲೆ ಈ ಪ್ರಶ್ನೆಗೆ ಕೋವಿಯ ಹೊರಗೂ ಉತ್ತರ ಕೊಟ್ಟಿದೆ. ಕಾಪುವಿನ ಕಡಲ ಬಂಡೆಯ ಮೇಲೆ 1901ರಿಂದ ನಿಂತ ದೀಪಸ್ತಂಭದಲ್ಲಿ ಎಣ್ಣೆ ಹೋಗಿ ವಿದ್ಯುತ್ತು ಬಂದಿದೆ. ಅದು ಸರಿಯೇ; ದೋಣಿಗೆ ಬೇಕಾದ್ದು ಬೆಳಕು, ಬೆಳಕಿನ ಜಾತಕವಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಬೇರೆ ದಾರಿ ಹಿಡಿದರು. ಸಿಂಡಿಕೇಟ್ ಬ್ಯಾಂಕಿನ ನೌಕರರಾಗಿದ್ದ ಅವರು, ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಕಳಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಜೋಡಿಸಿದರು. ಕಾಪು ಕಡೆಯ ಕುಂಜೂರಿನ ಚೌಕಿಮನೆ, ಕಾರ್ಕಳ ಬಳಿಯ ಮಿಯಾರಿನ ಮನೆ ಅಲ್ಲಿವೆ. ಹಲಗಲಿ ಯಾವ ಸಂಸ್ಥಾನದಲ್ಲಿತ್ತೋ ಆ ಮುಧೋಳದ ಅರಮನೆಯ ದರ್ಬಾರ್ ಹಾಲ್ ಕೂಡ ಅಲ್ಲಿಗೇ ಬಂದು ನೆಲೆಸಿದೆ. ಶೆಣೈ ಮನೆಗಳ ಜಾಗ ಬದಲಿಸಿದರು, ತೊಲೆ ಕಂಬಗಳ ಸ್ವಭಾವ ಬದಲಿಸಲಿಲ್ಲ. ಅವುಗಳೊಳಗೆ ಯಾರೂ ಅಡುಗೆ ಮಾಡಬೇಕಾಗಿಲ್ಲ. ಹಳೆಯ ರಿಮ್‌ಫೈರ್‌ನ ಒಡೆಯನಿಗೂ ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು.

ಕಾರ್ಕಳದ ಕೃಷಿಕನಿಗೆ ಮಾತ್ರ ಕೋವಿ ದೀಪಸ್ತಂಭದ ಜಾತಿ, ಕೆಲಸ ಆಗಬೇಕು. ಕುದುರೆಮುಖದ ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಶುರುವಾಗುತ್ತದೆಂದು ಕಾಡುಹಂದಿಗೆ ತಿಳಿಯದು, ಮಂಗಕ್ಕೆ ತಿಳಿದರೂ ಲೆಕ್ಕಕ್ಕಿಲ್ಲ. ಹೆಚ್ಚಿನ ಈಡುಗಳು ಆಕಾಶಕ್ಕೇ. ವನ್ಯಜೀವಿ ಕಾಯ್ದೆಯ ಹೆದರಿಕೆಯಿಂದ ಸದ್ದೇ ಇಲ್ಲಿ ಮುಖ್ಯ ಮದ್ದು. ತುಳುವಿನಲ್ಲಿ ಕೋವಿಗೂ ಬೆಡಿ, ಜಾತ್ರೆಯ ಪಟಾಕಿಗೂ ಬೆಡಿ. ಪುತ್ತೂರಿನ ಬೆಡಿ, ಕುಂಬಳೆಯ ಬೆಡಿ ಎಂದರೆ ಜನ ನೋಡಲು ಹೋಗುವುದು ಬಾಣಬಿರುಸನ್ನು. ಸದ್ದೇ ಮುಖ್ಯವೆಂದು ಭಾಷೆ ಮೊದಲೇ ಕಂಡುಕೊಂಡಿತ್ತು.

ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಬಾಯಿಯಿಂದ ತುಂಬುವ ಕೋವಿಯನ್ನೇ ಹೆಸರಿಸುತ್ತದೆ, ಅದು ಸಾಲದೆಂದು ಅಧಿಕಾರಿಗೆ ಅನ್ನಿಸಿದರೆ ಮಾತ್ರ ಬೇರೆ ನುಣುಪು ನಳಿಗೆಯದನ್ನು ಕೊಡಬಹುದೆನ್ನುತ್ತದೆ. ಕೇಪಿನ ಕೋವಿ ಬಡವನ ಕೋವಿಯಾಗಿ ಉಳಿದದ್ದರ ಹಿಂದೆ ಹೀಗೆ ಸರ್ಕಾರದ ಕೈಯೂ ಇದೆ. ತೋಟೆಕೋವಿಯವನು ತೋಟೆಗಾಗಿ ಪೇಟೆಯ ಅಂಗಡಿಗೆ ಹೋಗಬೇಕು, ವರ್ಷಕ್ಕಿಷ್ಟೇ ಎಂಬ ಮಿತಿಯೊಳಗೆ ಕೊಳ್ಳಬೇಕು, ಮಳೆಗಾಲದಲ್ಲಿ ಥಂಡಿ ಹಿಡಿಯದಂತೆ ಕಾಪಾಡಬೇಕು. ಕೇಪಿನವನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ನಳಿಗೆಗೆ ಗಜ ತೂರಿಸುತ್ತಾನೆ. ಘಟ್ಟದ ಮೇಲಿನ ಮೂಡಿಗೆರೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆ್ಯಂಡರ್ಸನ್‌ನ ಬೇಟೆಕಥೆಗಳನ್ನು ಓದಿದವರಿಗೆ ಅವನ .405 ವಿಂಚೆಸ್ಟರ್ ಗೊತ್ತು. ನರಭಕ್ಷಕಗಳ ಬೆನ್ನುಹತ್ತಿದ ಆ ಹೆಸರಾಂತ ರೈಫಲಿನ ತೋಟೆಯೂ ಮುಂದೆ ಬಳಕೆಯಿಂದ ಸರಿಯಿತು. ಅದೇ ಕಾಡಂಚಿನ ಹೆಸರಿಲ್ಲದ ಕೇಪಿನ ಕೋವಿಗಳು ಮಾತ್ರ ಈಗಲೂ ಪ್ರತಿ ಚುನಾವಣೆಗೆ ಠಾಣೆಗೆ ಹೋಗಿ ಬರುತ್ತಿವೆ.

ಫಲಿತಾಂಶ ಬಂದ ಕೆಲವು ದಿನಗಳಲ್ಲಿ ಅವುಗಳ ಬಿಡುಗಡೆ. ರಶೀದಿ ತೋರಿಸಿ, ರಿಜಿಸ್ಟರಿಗೆ ಸಹಿ ಹಾಕಿ, ಕೋವಿಯನ್ನು ಬೆಳಕಿಗೆ ಹಿಡಿದು ನಳಿಗೆಗೆ ತುಕ್ಕು ಬಂದಿದೆಯೇ ಎಂದು ಇಣುಕಿ, ಪೊಲೀಸರಿಗೆ ಕೇಳುವಂತೆ ಒಂದು ಮಾತು ಗೊಣಗಿ, ಮತ್ತೆ ಅದೇ ಬೈರಾಸು ಸುತ್ತುತ್ತಾರೆ. ಕುದುರೆಗೆ ಕಟ್ಟಿದ ಠಾಣೆಯ ಚೀಟಿಯನ್ನು ಕೆಲವರು ಬಿಚ್ಚುವುದೇ ಇಲ್ಲ, ಜೂನ್ ತಿಂಗಳ ಮಳೆಗೆ ಅದು ತಾನೇ ಕರಗುತ್ತದೆ.